ಓದುಗರ ಪ್ರಶ್ನೆ: ಹೊಗೆ ಎಂದರೆ ಉರಿಯದೆ ಹೋದ ಕಟ್ಟಿಗೆ

ಈ ಸಲದ ಅಂಕಣ ಪೂರ್ತಿ ಒಲೆಗೇ ಮೀಸಲು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪತ್ರಗಳಲ್ಲಿ ಒಂದೇ ವಿಷಯ ಕೇಳಿದವರನ್ನು ಒಟ್ಟಿಗೆ ಸೇರಿಸಿದ್ದೇವೆ. ಗಾರೆ ಕೆಲಸದವರಿಗೆ ಅನುಕೂಲವಾಗಲೆಂದು ಅಳತೆಗಳನ್ನು ಇಂಚಿನಲ್ಲೇ ಕೊಟ್ಟಿದೆ.

ಪ್ರ: ಹೋದ ವರ್ಷ ಹೊಗೆಕೊಳವೆ ಇರುವ ಎರಡು ಪಾತ್ರೆಯ ಒಲೆ ಹಾಕಿಸಿದೆವು. ಮೊದಲ ತಿಂಗಳು ಚೆನ್ನಾಗಿತ್ತು. ಈಗ ಹೊಗೆ ಒಲೆ ಬಾಯಿಂದಲೇ ಬರುತ್ತೆ, ಕಟ್ಟಿಗೆ ಹಳೇ ಒಲೆಗಿಂತ ಜಾಸ್ತಿ ಬೇಕು, ಕೋಡೊಲೆ (ಎರಡನೇ ಪಾತ್ರೆಯ ಕುಣಿ) ಮೇಲಿಟ್ಟ ಸಾರು ಕುದಿಯೋದೇ ಇಲ್ಲ. ಒಡೆದು ಹಾಕಿಬಿಡೋಣವೇ? (ಗೃಹಿಣಿ, ಜಗಳೂರು)

ಉ: ಒಡೆಯಬೇಡಿ. ನಿಮ್ಮ ದೂರು ಮೂರು, ಮೂರಕ್ಕೂ ಕಾರಣ ಬೇರೆ ಬೇರೆ, ಮೂರನ್ನೂ ಅರ್ಧ ದಿನದಲ್ಲಿ ಸರಿ ಮಾಡಬಹುದು.

ಮೊದಲು ಹೊಗೆಯ ವಿಷಯ. ಕಟ್ಟಿಗೆ ಕಟ್ಟಿಗೆಯಾಗಿಯೇ ಉರಿಯುವುದಿಲ್ಲ. 250–300 ಡಿಗ್ರಿ ಕಾವು ತಾಗಿದಾಗ ಅದರೊಳಗಿಂದ ಅನಿಲ ಹೊರಡುತ್ತದೆ. ಒಣಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ಹೀಗೆ ಅನಿಲವಾಗುತ್ತದೆ, ಉಳಿದದ್ದು ಕೆಂಡ. ಆ ಅನಿಲಕ್ಕೆ 600 ಡಿಗ್ರಿಗೂ ಮೇಲಿನ ಕಾವು, ಸಾಕಷ್ಟು ಗಾಳಿ, ಎರಡೂ ಬೆರೆಯುವಷ್ಟು ಜಾಗ ಸಿಕ್ಕರೆ ಜ್ವಾಲೆ. ಮೂರರಲ್ಲಿ ಒಂದು ತಪ್ಪಿದರೂ ಹೊಗೆ. ಅಂದರೆ ಕಣ್ಣುರಿಸುವ ಹೊಗೆ ನೀವು ಹೊತ್ತು ತಂದ ಕಟ್ಟಿಗೆಯೇ, ಅರ್ಧ ದಾರಿಯಲ್ಲಿ ತಪ್ಪಿಸಿಕೊಂಡದ್ದು. ಹೊಗೆಕೊಳವೆ ಅದನ್ನು ಮನೆಯಿಂದಾಚೆ ದಾಟಿಸುತ್ತದೆ, ಉರಿಸುವುದಿಲ್ಲ.

ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಕೆಟ್ಟಿತು ಎಂದರೆ ಕೊಳವೆಯಲ್ಲಿ ಮಸಿ ಕೂತಿದೆ. 4 ಇಂಚಿನ ಕೊಳವೆಯ ಒಳಮೈಗೆ ಸುತ್ತ ಅರ್ಧ ಇಂಚು ಮಸಿ ಹತ್ತಿದರೆ ಉಳಿಯುವುದು 3 ಇಂಚು. ನೋಡಲು ಕಡಿಮೆಯಾದದ್ದು ಒಂದೇ ಇಂಚು, ಆದರೆ ಹೊಗೆ ಹೋಗುವ ಜಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಗೋಣಿತಾಟು ಸುತ್ತಿದ ಕಲ್ಲನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟು ನಾಲ್ಕೈದು ಸಲ ಎಳೆದಾಡಿ. ಬಿದ್ದ ಮಸಿ ಕೊಳವೆಯ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿ ತೆಗೆದು ಹಾಕುವಂಥ ಒಂದು ಇಟ್ಟಿಗೆ ಇರಲೇಬೇಕು. ಇಲ್ಲದಿದ್ದರೆ ಇವತ್ತೇ ಒಂದು ಇಟ್ಟಿಗೆ ಬಿಡಿಸಿ, ಮಣ್ಣು ಸಾರಿಸಿ ಮುಚ್ಚಿ. ದಿನಕ್ಕೆ ಎರಡು ಹೊತ್ತು ಉರಿಸುವವರು ಹದಿನೈದು ದಿನಕ್ಕೊಮ್ಮೆ ಬಳಿಯಬೇಕು. ಹಸಿ ಕಟ್ಟಿಗೆಯಾದರೆ ವಾರಕ್ಕೊಮ್ಮೆ.

ಇನ್ನು ಕೋಡೊಲೆ. ಅದರ ಮೇಲಿನ ಪಾತ್ರೆ ಎತ್ತಿ ಒಳಗೆ ಕೈ ಬಿಟ್ಟು ನೋಡಿ. ಪಾತ್ರೆಯ ತಳಕ್ಕೂ ಕೆಳಗಿನ ನೆಲಕ್ಕೂ ನಾಲ್ಕೈದು ಇಂಚು ಇದ್ದರೆ ಬಿಸಿಗಾಳಿ ತಳಕ್ಕೆ ತಾಗದೆ ನೇರ ಕೊಳವೆಗೆ ಹೋಗುತ್ತಿದೆ. ಇಟ್ಟಿಗೆ ಚೂರು, ಮಣ್ಣು ತುಂಬಿ ಒಂದೂವರೆ ಇಂಚಿಗೆ ತನ್ನಿ. ಆಗ ಬಿಸಿ ತಳವನ್ನು ಉಜ್ಜಿಕೊಂಡೇ ಮುಂದೆ ಹೋಗಬೇಕಾಗುತ್ತದೆ.

ಕಟ್ಟಿಗೆ ಜಾಸ್ತಿ ಬೇಕಾಗುವುದಕ್ಕೆ ಬಹುಪಾಲು ಕಾರಣ ಸಂದು. ಕೊಳವೆ ಎಳೆಯುತ್ತಲೇ ಇರುತ್ತದೆ. ಅದಕ್ಕೆ ಜ್ವಾಲೆಯೂ ಒಂದೇ, ಅಡುಗೆಮನೆಯ ತಣ್ಣನೆ ಗಾಳಿಯೂ ಒಂದೇ. ಕುಣಿಗಿಂತ ಚಿಕ್ಕ ಪಾತ್ರೆ ಇಟ್ಟಾಗ ಸುತ್ತಲಿನ ಸಂದಿನಿಂದ ತಣ್ಣನೆ ಗಾಳಿ ನುಗ್ಗಿ ಬೆಂಕಿ ಆರಿಸುತ್ತದೆ. ಹೊತ್ತಿಸಿದ ಊದುಬತ್ತಿಯನ್ನು ಪಾತ್ರೆಯ ಅಂಚಿನ ಸುತ್ತ ನಿಧಾನಕ್ಕೆ ತಿರುಗಿಸಿ. ಹೊಗೆ ಎಲ್ಲಿ ಒಳಗೆ ಸೇದಿಕೊಳ್ಳುತ್ತದೋ ಅಲ್ಲಿ ಸೋರಿಕೆ. ಚಿಕ್ಕ ಪಾತ್ರೆಗೆ ತಗಡಿನ ಬಳೆ ಮಾಡಿಸಿಕೊಳ್ಳಿ. ಒಲೆಯ ಬಾಯಿ 6 ಇಂಚಿಗಿಂತ ಅಗಲವಿದ್ದರೆ ಅದಕ್ಕೂ ಅರ್ಧ ಮುಚ್ಚುವ ತಗಡು ಬೇಕು.

ನಿಮ್ಮ ಒಲೆಯಂಥವು ನಮ್ಮ ಕಡೆಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆಯ ಅಸ್ತ್ರ ಒಲೆ ಮಾಡಿದರು. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಬಂತು. ಆಗ ಹಾಕಿದ ಎಷ್ಟೋ ಒಲೆ ಕೆಟ್ಟದ್ದು ಇದೇ ಕಾರಣಕ್ಕೆ: ಕಟ್ಟುವಾಗ ಅಳತೆ ತಪ್ಪಿತು, ಕಟ್ಟಿದ ಮೇಲೆ ಕೊಳವೆ ಯಾರೂ ಬಳಿಯಲಿಲ್ಲ. ವಿನ್ಯಾಸದ ತಪ್ಪು ಕಡಿಮೆ.

ಪ್ರ: ನಾನು ಗಾರೆ ಕೆಲಸದವನು. ಕಡಿಮೆ ಖರ್ಚಿನಲ್ಲಿ, ಕೊಳವೆ ಇಲ್ಲದೆಯೂ ಹೊಗೆ ಕಡಿಮೆ ಬರುವ ಒಂದು ಪಾತ್ರೆಯ ಒಲೆಗೆ ಸರಿಯಾದ ಅಳತೆ ಕೊಡಿ. 'ರಾಕೆಟ್ ಒಲೆ' ಅಂತಾರಲ್ಲ, ಅದನ್ನು ಇಟ್ಟಿಗೆಯಲ್ಲಿ ಕಟ್ಟಬಹುದಾ? (ಭರಮಸಾಗರ, ಇದೇ ಪ್ರಶ್ನೆ ಹರಿಹರದಿಂದಲೂ ಬಂದಿದೆ)

ಉ: ಕಟ್ಟಬಹುದು, 15 ಇಟ್ಟಿಗೆ ಸಾಕು. ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ರೂಪಿಸಿದ ಒಲೆ ಇದು. ಇದರ ಗುಟ್ಟು ಎರಡೇ: ಬೆಂಕಿಯ ಮೇಲೆ ಒಂದು ಗಿಡ್ಡ ಕೊಳವೆ ಇದ್ದು ಅನಿಲ ಅದರೊಳಗೇ ಉರಿದು ಮುಗಿಯಬೇಕು, ಬಿಸಿಗಾಳಿ ಹೋಗುವ ದಾರಿ ಒಳಗಿನಿಂದ ಪಾತ್ರೆಯ ಅಂಚಿನವರೆಗೂ ಒಂದೇ ವಿಸ್ತಾರ ಇರಬೇಕು.

9 × 4½ × 3 ಇಂಚಿನ ಇಟ್ಟಿಗೆ ತೆಗೆದುಕೊಳ್ಳಿ. ನಾಲ್ಕು ಇಟ್ಟಿಗೆಯನ್ನು ಗಿರಗಟ್ಲೆಯ ರೆಕ್ಕೆಯಂತೆ ಒಂದರ ತಲೆ ಇನ್ನೊಂದರ ಪಕ್ಕಕ್ಕೆ ಬರುವ ಹಾಗೆ ಸುತ್ತ ಜೋಡಿಸಿದರೆ ನಡುವೆ ತಾನಾಗಿಯೇ 4½ ಇಂಚು ಚೌಕದ ತೂತು ಉಳಿಯುತ್ತದೆ. ಹೊರ ಅಳತೆ 13½ ಇಂಚು ಚೌಕ. ಇದೇ ನಿಮ್ಮ ಒಲೆಯ ಎದೆ. ಮೊದಲ ಎರಡು ವರಸೆಯಲ್ಲಿ ಮುಂದಿನ ಇಟ್ಟಿಗೆಯ ಬದಲು ಅರ್ಧ ಇಟ್ಟಿಗೆ ಇಡಿ. ಆಗ 4½ ಇಂಚು ಅಗಲ, 6 ಇಂಚು ಎತ್ತರದ ಬಾಯಿ ಸಿಗುತ್ತದೆ. ಅದರ ಮೇಲೆ 10 ಇಂಚು ಉದ್ದದ ಕಬ್ಬಿಣದ ಪಟ್ಟಿ ಅಡ್ಡ ಇಟ್ಟು ಮೂರನೇ, ನಾಲ್ಕನೇ ವರಸೆಯನ್ನು ಪೂರ್ತಿ ಇಟ್ಟಿಗೆಯಲ್ಲಿ ಮುಗಿಸಿ. ಪಟ್ಟಿ ಮರೆತರೆ ಬಾಯಿಯ ಮೇಲಿನ ಇಟ್ಟಿಗೆಗೆ ಒಂದೇ ಕಡೆ ಆಸರೆ ಸಿಗುತ್ತದೆ, ವಾರದೊಳಗೆ ಕುಸಿಯುತ್ತದೆ. ಒಂದು ವರಸೆ ಬಲಕ್ಕೆ ತಿರುಗಿದ್ದರೆ ಮುಂದಿನದು ಎಡಕ್ಕೆ ತಿರುಗಲಿ, ಸಂದಿನ ಮೇಲೆ ಸಂದು ಬರಬಾರದು. ಕಾಲು ಇಂಚಿನ ಮಣ್ಣಿನ ಗಾರೆ ಸೇರಿ ಎತ್ತರ 13 ಇಂಚಿನ ಹತ್ತಿರ ಬರುತ್ತದೆ. ತೂತಿನ ಅಗಲದ ಎರಡೂವರೆಯಿಂದ ಮೂರು ಪಟ್ಟು ಎತ್ತರ ಇರಬೇಕೆಂಬ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಇನ್ನೂ ಎತ್ತರಿಸಿದರೆ ಹೊಗೆ ಕಡಿಮೆಯಾದೀತು, ಪಾತ್ರೆಗೆ ತಲುಪುವ ಕಾವೂ ಕಡಿಮೆಯಾಗುತ್ತದೆ.

ಬಾಯಿಯೊಳಗೆ ನೆಲದಿಂದ 2 ಇಂಚು ಮೇಲೆ ಒಂದು ಹಲಗೆ ಬೇಕು. ತಗಡಾದರೂ ಸರಿ, 8 ಮಿಲಿಮೀಟರ್ ಸರಳಿನ ಜಾಲರಿಯಾದರೂ ಸರಿ. ಕಟ್ಟಿಗೆ ಹಲಗೆಯ ಮೇಲೆ, ಗಾಳಿ ಹಲಗೆಯ ಕೆಳಗೆ. ಈ ಹಲಗೆ ಇಲ್ಲದ ರಾಕೆಟ್ ಒಲೆಗೂ ಮೂರು ಕಲ್ಲಿನ ಒಲೆಗೂ ದೊಡ್ಡ ವ್ಯತ್ಯಾಸವಿಲ್ಲ, ಯಾಕೆಂದರೆ ಗಾಳಿ ಕೆಂಡದ ಕೆಳಗಿನಿಂದ ಬಿಸಿಯಾಗಿ ಬರದೆ ಕಟ್ಟಿಗೆಯ ಮೇಲಿನಿಂದ ತಣ್ಣಗೆ ಹೋಗುತ್ತದೆ. ಬಾಯಿ ತುಂಬ ಕಟ್ಟಿಗೆ ತುರುಕುವುದೂ ಅಷ್ಟೇ ಕೆಟ್ಟದ್ದು. ಹೆಬ್ಬೆರಳು ಗಾತ್ರದ ಮೂರು ನಾಲ್ಕು ಸೀಳು, ತುದಿ ಮಾತ್ರ ಉರಿಯುತ್ತಿರಬೇಕು, ಉರಿದಷ್ಟೂ ಒಳಗೆ ತಳ್ಳುತ್ತಾ ಹೋಗಬೇಕು.

ಎಲ್ಲರೂ ಎಡವುವುದು ಮೇಲ್ಭಾಗದಲ್ಲಿ. ಪಾತ್ರೆಗೆ ಆಸರೆಯಾಗಿ ಮೂರು ಕಬ್ಬಿಣದ ತುಂಡು ಹೂತು, ತೂತಿನ ಅಂಚಿನಲ್ಲಿ ಪಾತ್ರೆಯ ತಳಕ್ಕೆ 1 ಇಂಚು, ಪಾತ್ರೆಯ ಹೊರ ಅಂಚಿಗೆ ಬರುವಾಗ ಅರ್ಧ ಇಂಚಿಗಿಂತ ಚೂರು ಹೆಚ್ಚು ಉಳಿಯುವಂತೆ ಮಣ್ಣನ್ನು ತಟ್ಟೆಯ ಹಾಗೆ ಇಳಿಜಾರಾಗಿ ಬಳಿಯಿರಿ. ಲೆಕ್ಕ ಹೀಗೆ: ತೂತಿನ ವಿಸ್ತಾರ 20 ಚದರ ಇಂಚು ಚಿಲ್ಲರೆ, 10 ಇಂಚಿನ ಪಾತ್ರೆಯ ಸುತ್ತಳತೆ 31 ಇಂಚು ಚಿಲ್ಲರೆ, ಭಾಗಿಸಿದರೆ 0.64 ಇಂಚು. ಪಾತ್ರೆಯ ಸುತ್ತ ಅರ್ಧ ಇಂಚು ಬಿಟ್ಟು 4–5 ಇಂಚು ಎತ್ತರದ ತಗಡಿನ ಬಳೆ ನಿಲ್ಲಿಸಿದರೆ ಬಿಸಿಗಾಳಿ ಪಾತ್ರೆಯ ಪಕ್ಕವನ್ನೂ ಕಾಯಿಸಿಕೊಂಡೇ ಹೋಗುತ್ತದೆ. ಸಂದು ತೀರಾ ಕಿರಿದಾದರೆ ಜ್ವಾಲೆ ಬಾಯಿಂದ ಹೊರಗೆ ನಾಲಿಗೆ ಚಾಚುತ್ತದೆ, ಅಗಲವಾದರೆ ಬಿಸಿ ಪೋಲಾಗುತ್ತದೆ. ಕಿರಿದಾಗಿ ಶುರು ಮಾಡಿ, ಜ್ವಾಲೆ ಹಿಂದೆ ಬರದ ಮಟ್ಟಕ್ಕೆ ಸ್ವಲ್ಪ ಸ್ವಲ್ಪವೇ ಅಗಲಿಸಿ.

ಗೋಡೆ ದಪ್ಪವಿದ್ದಷ್ಟೂ ಕಾವು ಉಳಿಯುತ್ತದೆ ಎಂಬ ನಂಬಿಕೆ ಗಾರೆಯವರಲ್ಲಿ ಗಟ್ಟಿಯಾಗಿದೆ. ಅದು ತಪ್ಪು. 50 ಕಿಲೋ ಮಣ್ಣು 100 ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 1,000 ಕಿಲೋ ಕ್ಯಾಲೊರಿ ಕುಡಿಯುತ್ತದೆ, ಅಂದರೆ ಕಾಲು ಕಿಲೋಗೂ ಹೆಚ್ಚು ಕಟ್ಟಿಗೆ ಗೋಡೆಗೇ ಹೋಯಿತು. ಬೇಕಾದದ್ದು ಹಗುರ ಗೋಡೆ. ದಾವಣಗೆರೆ ಸುತ್ತ ಅಕ್ಕಿ ಗಿರಣಿಯ ಹೊಟ್ಟಿಗೆ ಬರವಿಲ್ಲ. ಜಿಗುಟು ಮಣ್ಣು, ಭತ್ತದ ಹೊಟ್ಟು ಸಮ ಅಳತೆಯಲ್ಲಿ ಕಲಸಿ ಅಚ್ಚು ಹಾಕಿ, ನೆರಳಲ್ಲಿ ಒಂದು ವಾರ ಹತ್ತು ದಿನ ಒಣಗಿಸಿ, ಇಟ್ಟಿಗೆ ಭಟ್ಟಿಯಲ್ಲಿ ಸುಡಿಸಿ. ಹೊಟ್ಟು ಉರಿದು ಹೋದ ಕಡೆ ಗಾಳಿಯ ಕಣ್ಣುಗಳು ಉಳಿಯುತ್ತವೆ. ಅದೇ ಕಾವು ತಡೆಯುವುದು. ಇಂಥ ಇಟ್ಟಿಗೆ ಮೆದು, ಕಟ್ಟಿಗೆಯ ಏಟಿಗೆ ಬಾಯಿಯ ಅಂಚು ಉದುರುತ್ತದೆ. ಹಾಗಾಗಿ ಬಾಯಿಯ ಹತ್ತಿರ ಮಾಮೂಲಿ ಇಟ್ಟಿಗೆಯನ್ನೇ ಹಾಕಿ.

ಪ್ರ: ಮಣ್ಣಿನ ಗಾರೆ ಬಿರುಕು ಬಿಡುತ್ತೆ. ಸಿಮೆಂಟು ಹಾಕಿದರೆ ಗಟ್ಟಿ ಅಲ್ಲವೇ? (ಮೊಳಕಾಲ್ಮೂರು)

ಉ: ಬೆಂಕಿ ತಾಗುವ ಕಡೆ ಸಿಮೆಂಟು ಬೇಡ. ಕಾವು ಏರಿ ಇಳಿದಂತೆ ಅದರೊಳಗೆ ಕಟ್ಟಿಕೊಂಡ ನೀರು ಬಿಟ್ಟುಹೋಗಿ ಪುಡಿಯಾಗುತ್ತದೆ. ಹೊರಮೈ ಸಾರಿಸಲು ಬೇಕಾದರೆ ಬಳಸಿ. ನಿಮ್ಮ ಮಣ್ಣು ಬಿರುಕು ಬಿಡುತ್ತಿದ್ದರೆ ಅದು ಎರೆಮಣ್ಣು ಇರಬೇಕು. ಒಣಗುವಾಗ ಕುಗ್ಗುವುದು ಅದರ ಗುಣ. ಹುತ್ತದ ಮಣ್ಣು ಅಥವಾ ಜಿಗುಟು ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಸಗಣಿ ಅರ್ಧ ಪಾಲು, ಎರಡು ಮೂರು ದಿನ ನೆನೆಹಾಕಿ ತುಳಿದು ಬಳಸಿ. ಮೊದಲು ಗೇಣುದ್ದದ ಒಂದು ಪಟ್ಟಿ ಮಾಡಿ ನೆರಳಲ್ಲಿ ಒಣಗಿಸಿ. ಬಿರಿದರೆ ಮರಳು ಹೆಚ್ಚಿಸಿ, ಕೈಗೆ ಪುಡಿ ಹತ್ತಿದರೆ ಮಣ್ಣು ಹೆಚ್ಚಿಸಿ.

ಪ್ರ: ಮೆಕ್ಕೆಜೋಳ ಬಿಡಿಸಿದ ಮೇಲೆ ಬೆಂಡು ರಾಶಿ ಬೀಳುತ್ತೆ. ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ಕೂಡ ಸಿಗುತ್ತೆ. ಇವನ್ನು ಒಲೆಗೆ ಹಾಕಿದರೆ ಮನೆಯೆಲ್ಲ ಹೊಗೆ. ಉಪಯೋಗವೇ ಇಲ್ಲವೇ? (ರೈತರು, ದಾವಣಗೆರೆ ತಾಲ್ಲೂಕು ಮತ್ತು ಚಳ್ಳಕೆರೆ)

ಉ: ಮೂರನ್ನೂ ಒಂದೇ ಒಲೆಗೆ ಹಾಕುವುದೇ ತಪ್ಪು. ಬೆಂಡು ಒಳ್ಳೆಯ ಉರುವಲು, ಆದರೆ ಹಗುರ, ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಮೇಲೆ ಹೇಳಿದ ಇಟ್ಟಿಗೆ ಒಲೆಯಲ್ಲಿ ಜಾಲರಿಯ ಮೇಲೆ ಒಂದು ಸಲಕ್ಕೆ ಮೂರೋ ನಾಲ್ಕೋ ಹಾಕಿ, ಜೊತೆಗೆ ಒಂದು ಜಾಲಿ ಸೀಳು ಇರಲಿ. ಸೀಳಿನ ಕೆಂಡ ಬೆಂಡಿನ ಅನಿಲವನ್ನು ಆರದಂತೆ ಹೊತ್ತಿಸುತ್ತಿರುತ್ತದೆ. ಪುಟ್ಟಿ ತುಂಬ ಒಮ್ಮೆಗೇ ಸುರಿದರೆ ಎಲ್ಲವೂ ಒಟ್ಟಿಗೆ ಅನಿಲ ಬಿಡುತ್ತವೆ, ಅಷ್ಟಕ್ಕೆ ಗಾಳಿ ಎಲ್ಲಿಂದ ಬರಬೇಕು?

ಭತ್ತದ ಹೊಟ್ಟು, ಶೇಂಗಾ ಸಿಪ್ಪೆಯ ಪುಡಿ ಸಡಿಲವಾಗಿ ಸುರಿದರೆ ಉರಿಯುವುದಿಲ್ಲ, ಕಮರುತ್ತವೆ. ಇವಕ್ಕೆ ಹಿಂದೆ ಮರದ ಪುಡಿಗೆ ಬಳಸುತ್ತಿದ್ದ ಹೊಟ್ಟಿನ ಒಲೆಯೇ ಸರಿ: ಡಬ್ಬದ ಬುಡದ ಪಕ್ಕದಲ್ಲಿ ತೂತು, ಅದರಿಂದ ಅಡ್ಡಲಾಗಿ ಒಂದು ಬಡಿಗೆ, ನಡುವೆ ಮೇಲಿನಿಂದ ಇನ್ನೊಂದು ಬಡಿಗೆ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಜಡಿದು ಎರಡೂ ಬಡಿಗೆಯನ್ನು ತಿರುಗಿಸುತ್ತಾ ಹೊರಗೆಳೆದರೆ ಎಲ್ ಆಕಾರದ ಸುರಂಗ ಉಳಿಯುತ್ತದೆ. ಬುಡದಲ್ಲಿ ಕಾಗದ ಹೊತ್ತಿಸಿ. ಸಡಿಲವಾಗಿ ಜಡಿದರೆ ನಡುವೆ ಕುಸಿದು ದಟ್ಟ ಹೊಗೆ ಬರುತ್ತದೆ. ಇದನ್ನು ಮುಚ್ಚಿದ ಕೋಣೆಯಲ್ಲಿ ಮಾತ್ರ ಉರಿಸಬೇಡಿ, ಅಂಗಳದಲ್ಲಿರಲಿ.

ಪ್ರ: ಮನೆಗೆ ಗ್ಯಾಸ್ ಬಂದಿದೆ. ಆದರೂ ಕಟ್ಟಿಗೆ ಖರ್ಚು ಅಷ್ಟೇನೂ ಇಳಿದಿಲ್ಲ. ಯಾಕೆ? (ಚಿತ್ರದುರ್ಗ)

ಉ: ನಿಮ್ಮ ಬಚ್ಚಲಿನ ನೀರೊಲೆ ನೋಡಿ. ಐದು ಜನರ ಮನೆಗೆ ಬೆಳಿಗ್ಗೆ 100 ಲೀಟರ್ ಹದವಾದ ಬಿಸಿನೀರು ಎಂದಿಟ್ಟುಕೊಳ್ಳಿ. 22 ಡಿಗ್ರಿಯಿಂದ 42ಕ್ಕೆ ಏರಿಸಲು 2,000 ಕಿಲೋ ಕ್ಯಾಲೊರಿ ಬೇಕು. ಒಣಕಟ್ಟಿಗೆ ಕಿಲೋಗೆ ಸುಮಾರು 3,600 ಕೊಡುತ್ತದೆ. ಒಂದು ಚೂರೂ ಪೋಲಾಗದಿದ್ದರೆ ಅರ್ಧ ಕಿಲೋ ಚಿಲ್ಲರೆ ಸಾಕಿತ್ತು. ಹಂಡೆಯ ಕೆಳಗೆ ಬರೀ ಬೆಂಕಿ ಹಾಕುವ ಒಲೆಯಲ್ಲಿ ನೂರಕ್ಕೆ 12ರಷ್ಟು ಕಾವು ಮಾತ್ರ ನೀರಿಗೆ ಸೇರುತ್ತದೆ ಎಂದರೆ 4.6 ಕಿಲೋ ಕಟ್ಟಿಗೆ ಬೇಕು. ಅದನ್ನು 30ಕ್ಕೆ ಏರಿಸಿದರೆ 1.9 ಕಿಲೋ. ಒಲೆ ಸುಧಾರಿಸಬೇಕೆಂದವರು ಅಡುಗೆಮನೆಗೆ ಮೊದಲು ಹೋಗುತ್ತಾರೆ. ಗ್ಯಾಸ್ ಇರುವ ಮನೆಯಲ್ಲಿ ಮೊದಲು ಹೋಗಬೇಕಾದದ್ದು ಬಚ್ಚಲಿಗೆ.

ಹಂಡೆಯ ಸುತ್ತ ಮುಕ್ಕಾಲು ಇಂಚು ಸಂದು ಬಿಟ್ಟು ಮೂರರಲ್ಲಿ ಎರಡು ಪಾಲು ಎತ್ತರದವರೆಗೆ ಇಟ್ಟಿಗೆ ಗೋಡೆ ಎಬ್ಬಿಸಿ. ಸಂದಿನ ಮೇಲ್ಭಾಗವನ್ನು ಹಂಡೆಗೆ ಒತ್ತಿದಂತೆ ಮಣ್ಣಿನಿಂದ ಮುಚ್ಚಿ, ಬಾಯಿಯ ಎದುರು ದಿಕ್ಕಿನಲ್ಲಿ, ಸಂದಿನ ತುದಿಗೆ 4 ಇಂಚಿನ ಕೊಳವೆ ಕೊಡಿ. ಕೊಳವೆಯನ್ನು ಬುಡಕ್ಕೆ ಕೊಟ್ಟರೆ ಬಿಸಿ ಹಂಡೆಯ ಸುತ್ತ ಏರುವುದೇ ಇಲ್ಲ. ಜಾಲರಿಗೂ ಹಂಡೆಯ ತಳಕ್ಕೂ 9–10 ಇಂಚು. ಹಂಡೆಗೆ ಮುಚ್ಚಳ. ಬೋರ್ ನೀರಿನವರ ಹಂಡೆಯೊಳಗೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ, ಹೊರಗೆ ಮಸಿ. ಎರಡೂ ಕಾವಿಗೆ ಕಂಬಳಿ ಹೊದಿಸಿದಂತೆ. ಒಳಗಿನದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ.

ಪ್ರ: ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾವು. ಪೇಂಟ್ ಡಬ್ಬದಲ್ಲಿ ಮೇಲಿನಿಂದ ಹೊತ್ತಿಸುವ ಗ್ಯಾಸಿಫೈಯರ್ ಒಲೆ ಮಾಡಿದ್ದೇವೆ. ಇಪ್ಪತ್ತು ನಿಮಿಷ ನೀಲಿ ಹಳದಿ ಜ್ವಾಲೆ, ಆಮೇಲೆ ಏಕಾಏಕಿ ದಟ್ಟ ಹೊಗೆ. ಎಲ್ಲಿ ತಪ್ಪಿದೆ? (ದಾವಣಗೆರೆ)

ಉ: ತಪ್ಪಿಲ್ಲ, ಒಲೆಯ ಸ್ವಭಾವವೇ ಅದು. ಬೆಂಕಿಯ ಪದರ ಮೇಲಿನಿಂದ ಕೆಳಗಿಳಿಯುತ್ತದೆ. ಕೆಳಗಿನಿಂದ ಬರುವ ಮೊದಲ ಗಾಳಿ ಕಟ್ಟಿಗೆಯನ್ನು ಅನಿಲವಾಗಿಸುತ್ತದೆ, ಮೇಲಿನ ತೂತುಗಳಿಂದ ಬರುವ ಎರಡನೇ ಗಾಳಿ ಅದನ್ನು ಉರಿಸುತ್ತದೆ. ಪದರ ತಳ ಮುಟ್ಟಿದ ಮೇಲೆ ಅನಿಲ ತೆಳುವಾಗಿ ಜ್ವಾಲೆ ಆರುತ್ತದೆ, ಆದರೆ ಮೂಲೆಯಲ್ಲಿ ಉಳಿದ ಚೂರುಗಳು ಹೊಗೆ ಬಿಡುತ್ತಲೇ ಇರುತ್ತವೆ. ಆ ಹೊತ್ತಿಗೆ ಕೆಳಗಿನ ಗಾಳಿ ಮುಚ್ಚಿ, ಇದ್ದಿಲನ್ನು ಮುಚ್ಚಳವಿರುವ ಡಬ್ಬಕ್ಕೆ ಸುರಿಯಿರಿ. ಹಾಕಿದ ಕಟ್ಟಿಗೆಯ ಐದರಲ್ಲಿ ಒಂದು ಪಾಲಿನಷ್ಟು ಇದ್ದಿಲು ಸಿಗುತ್ತದೆ. ನಡುವೆ ಮೇಲಿನಿಂದ ಕಟ್ಟಿಗೆ ಸೇರಿಸುತ್ತಿದ್ದರೆ ಅದನ್ನು ಬಿಡಿ. ಒಂದು ಸಲ ತುಂಬಿದರೆ ಮುಗಿಯುವವರೆಗೆ ಮುಟ್ಟಬಾರದು. ಅನ್ನಕ್ಕೆ ಇದು ಒಗ್ಗುತ್ತದೆ, ಒಂದೂವರೆ ಗಂಟೆ ಬೇಯುವ ಹುರುಳಿಗೆ ಒಗ್ಗುವುದಿಲ್ಲ.

ಹೊಗೆ ನಡುವೆಯೇ ಬರುತ್ತಿದ್ದರೆ ಗಾಳಿಯ ಪಾಲು ನೋಡಿ. ಮೇಲಿನ ತೂತುಗಳ ಒಟ್ಟು ವಿಸ್ತಾರ ಕೆಳಗಿನದರ ನಾಲ್ಕು ಪಟ್ಟು ಎಂದು ಶುರು ಮಾಡಿ, ಕೆಳಗಿನದಕ್ಕೆ ಜಾರುವ ಮುಚ್ಚಳ ಇಟ್ಟು ಹೊಂದಿಸಿಕೊಳ್ಳಿ. ಮೇಲಿನ ಗಾಳಿ ಎರಡು ಡಬ್ಬಗಳ ನಡುವಿನ ಸಂದಿನಲ್ಲಿ ಬಿಸಿಯಾಗಿಯೇ ಬರಬೇಕು. ಉರುವಲು ಒಂದೇ ಗಾತ್ರದ್ದಿರಲಿ, ಒಂದರಿಂದ ಎರಡು ಇಂಚಿನ ತುಂಡು.

ಪೇಂಟ್ ಡಬ್ಬದ ತೆಳು ತಗಡು ಪ್ರಯೋಗಕ್ಕೆ ಸರಿ, ದಿನಾ ಉರಿಸಿದರೆ ಬೇಗ ತೂತಾಗುತ್ತದೆ. ಹಾಗೆಂದು ಸತುವಿನ ಲೇಪದ ಜಿಐ ತಗಡನ್ನು ಬೆಂಕಿಯ ಒಳಗೆ ಬಳಸಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ. ಮಾರಾಟಕ್ಕೆ ಯೋಚನೆ ಇದ್ದರೆ ಇಂಥ ಒಲೆಗಳ ಭಾರತೀಯ ಮಾನಕ ಐಎಸ್ 13152 ತರಿಸಿ ಓದಿ. ಫ್ಯಾನ್ ಇಲ್ಲದ ಒಲೆಗೆ ನೂರಕ್ಕೆ 25, ಫ್ಯಾನ್ ಇರುವುದಕ್ಕೆ 35 ಶಾಖದಕ್ಷತೆ ಕನಿಷ್ಠ ಬೇಕು ಎನ್ನುತ್ತದೆ ಅದು.

ಪ್ರ: ಆಷಾಢದ ಗಾಳಿಗೆ ಹೊಗೆಯೆಲ್ಲ ಕೊಳವೆಯಿಂದ ವಾಪಸ್ ಅಡುಗೆಮನೆಗೇ ಬರುತ್ತೆ. (ಹೊಳಲ್ಕೆರೆ)

ಉ: ಗಾಳಿಯಂತ್ರ ಹಾಕುವಷ್ಟು ಗಾಳಿ ಇರುವ ಸೀಮೆ ನಿಮ್ಮದು. ಕೊಳವೆಯ ತುದಿ ಮಾಡಿನ ತುದಿಗಿಂತ ಕೆಳಗಿದ್ದರೆ, ಮಾಡು ದಾಟಿ ಇಳಿಯುವ ಗಾಳಿ ನೇರ ಕೊಳವೆಯೊಳಗೆ ಒತ್ತುತ್ತದೆ. ತುದಿಗಿಂತ ಎರಡಡಿ ಮೇಲಕ್ಕೆ ಏರಿಸಿ, ಬರೀ ಟೋಪಿಯ ಬದಲು 'ಟಿ' ತುಂಡು ಹಾಕಿ. ಟೋಪಿ ಇದ್ದರೆ ಅದಕ್ಕೂ ಕೊಳವೆಗೂ ನಡುವೆ 4 ಇಂಚು ಇರಲಿ. ಮಳೆ ಬೀಳಬಾರದೆಂದು ತಗ್ಗಿಸಿ ಕೂರಿಸಿದ ಟೋಪಿಯೇ ಎಷ್ಟೋ ಕಡೆ ಹೊಗೆಗೆ ಬಿರಡೆ. ತಣ್ಣಗಿರುವ ಕೊಳವೆ ಎಳೆಯುವುದಿಲ್ಲ, ಹಾಗಾಗಿ ಒಲೆ ಹೊತ್ತಿಸುವ ಮೊದಲು ಬುಡದ ಇಟ್ಟಿಗೆ ತೆಗೆದು ಒಂದು ಹಾಳೆ ಕಾಗದ ಉರಿಸಿ. ಹಳೆಯ ಕಲ್ನಾರು ಕೊಳವೆ ಇದ್ದರೆ ಕೊಯ್ಯಬೇಡಿ, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸೋಗೆ ಮಾಡಿನ ಮೂಲಕ ತಗಡಿನ ಕೊಳವೆ ಹಾಯಿಸುವುದೂ ಬೇಡ, ಗೋಡೆಯಿಂದ ಹೊರಗೆ ತಂದು ಮೇಲಕ್ಕೇರಿಸಿ.

ಪ್ರ: ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ. ಕೆಂಡಕ್ಕೆ ಹೊಗೆ ಇಲ್ಲವಲ್ಲ, ತೊಂದರೆ ಇಲ್ಲ ತಾನೆ? (ಹೊಸದುರ್ಗ)

ಉ: ಇದೆ, ಜೀವಕ್ಕೇ ಇದೆ. ಇಡೀ ಅಂಕಣದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣುರಿಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ಓಕರಿಕೆ, ಮಂಪರು. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಬೆಚ್ಚಗಿಡಲು ಬಿಸಿನೀರಿನ ಚೀಲ, ಕಂಬಳಿ ಸಾಕು. ತಲೆ ಸುತ್ತು ಬಂದರೆ ತಾಯಿ ಮಗುವನ್ನು ತಕ್ಷಣ ಹೊರಗೆ ಗಾಳಿಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರ: ಬೆಣ್ಣೆ ದೋಸೆಯ ಸಣ್ಣ ಹೋಟೆಲು. ಕಟ್ಟಿಗೆ ಒಲೆ ಬಿಟ್ಟರೆ ರುಚಿ ಹೋಗುತ್ತೆ ಅಂತಾರೆ ಗಿರಾಕಿಗಳು. ಹೊಗೆಗೆ ಅಕ್ಕಪಕ್ಕದವರ ಜಗಳ. (ದಾವಣಗೆರೆ)

ಉ: ಹೊಗೆಗೂ ರುಚಿಗೂ ಸಂಬಂಧವಿಲ್ಲ ಎಂದು ಧೈರ್ಯವಾಗಿ ಹೇಳಿ. ದೋಸೆ ಇರುವುದು ಕಾವಲಿಯ ಮೇಲೆ, ಹೊಗೆ ಇರುವುದು ಕೆಳಗೆ. ಗರಿಗರಿ ಕೊಡುವುದು ದಪ್ಪ ಕಬ್ಬಿಣ ಹಿಡಿದಿಟ್ಟ ಕಾವು. ಹಿಟ್ಟು ಸುರಿದಾಗಲೂ ಅದು ಥಟ್ಟನೆ ತಣ್ಣಗಾಗುವುದಿಲ್ಲ.

ಹೋಟೆಲ್ ಒಲೆಯ ದೋಷ ಸಾಮಾನ್ಯವಾಗಿ ಆಳ. ಕಾವಲಿಯ ಕೆಳಗೆ ಒಂದೂವರೆ ಅಡಿ ಗುಂಡಿ ತೋಡಿ, ಜ್ವಾಲೆ ಮುಟ್ಟಲೆಂದು ದಿಮ್ಮಿ ತುಂಬುತ್ತಾರೆ. ಎರಕದ ಜಾಲರಿ ಹಾಕಿ, ಅದರಿಂದ ಕಾವಲಿಗೆ 10–12 ಇಂಚು ಇಡಿ, ಜಾಲರಿಯ ಕೆಳಗೆ ಬೂದಿಗುಂಡಿಗೆ ಬೇರೆಯೇ ಬಾಗಿಲು. ಹಿಂದಿನ ಗೋಡೆಯನ್ನು ಇಳಿಜಾರಾಗಿ ಎತ್ತಿ, ಕಾವಲಿಯ ಹಿಂಭಾಗದಲ್ಲಿ 3 ಇಂಚಿನ ಸಂದು ಮಾತ್ರ ಉಳಿಸಿ ಅಲ್ಲಿಂದ ಕೊಳವೆಗೆ ದಾರಿ ಮಾಡಿ. ದಾರಿಯಲ್ಲೇ ಒಂದು ನೀರಿನ ಹಂಡೆ ಕೂರಿಸಿದರೆ ಪಾತ್ರೆ ತೊಳೆಯಲು ಬಿಸಿನೀರು ಪುಕ್ಕಟೆ. ಕೊಳವೆಯಲ್ಲಿ ಅಡ್ಡ ತಗಡು ಇರಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮುಕ್ಕಾಲು ಮುಚ್ಚಿ, ಪೂರ್ತಿ ಎಂದೂ ಮುಚ್ಚಬೇಡಿ.

ಆದರೆ ಕಟ್ಟಿಗೆ ಹಸಿ ಇದ್ದರೆ ಇಷ್ಟೂ ವ್ಯರ್ಥ. ತೂಕದಲ್ಲಿ ನೂರಕ್ಕೆ 40ರಷ್ಟು ನೀರಿರುವ ಕಟ್ಟಿಗೆ ಕಿಲೋಗೆ 2,300 ಕಿಲೋ ಕ್ಯಾಲೊರಿ ಕೊಟ್ಟರೆ, 15ರಷ್ಟಿರುವುದು 3,500 ಕೊಡುತ್ತದೆ. ತೂಕಕ್ಕೆ ಕೊಳ್ಳುವವರು ನೀರಿಗೂ ದುಡ್ಡು ಕೊಡುತ್ತಿದ್ದೀರಿ. ಎರಡು ಸೀಳನ್ನು ಒಂದಕ್ಕೊಂದು ತಟ್ಟಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿ ಇದ್ದರೆ ದಬ್ ಎನ್ನುತ್ತದೆ.

ಪ್ರ: ಹೊಸ ಒಲೆಯಲ್ಲಿ ನಿಜವಾಗಿ ಕಟ್ಟಿಗೆ ಉಳಿದಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ? (ಹಿರಿಯೂರು)

ಉ: ತಕ್ಕಡಿ ಒಂದು ಸಾಕು. ಒಂದೇ ರಾಶಿಯ ಒಣಕಟ್ಟಿಗೆ ತೂಗಿಟ್ಟುಕೊಂಡು, ಅದೇ ಪಾತ್ರೆಯಲ್ಲಿ 5 ಲೀಟರ್ ನೀರನ್ನು ಹಳೆಯ ಒಲೆಯಲ್ಲೂ ಹೊಸದರಲ್ಲೂ ಮುಚ್ಚಳ ಹಾಕಿ ಕುದಿಸಿ. ಕುದಿ ಬಂದ ತಕ್ಷಣ ಬೆಂಕಿ ತೆಗೆದು, ಉಳಿದ ಕಟ್ಟಿಗೆ ತೂಗಿ, ಕೆಂಡವನ್ನು ಡಬ್ಬದಲ್ಲಿ ಮುಚ್ಚಿ ಆರಿಸಿ ಬೇರೆ ತೂಗಿ. ಸುಟ್ಟ ಕಟ್ಟಿಗೆಯಿಂದ ಇದ್ದಿಲಿನ ತೂಕದ ಎರಡರಷ್ಟು ಕಳೆಯಿರಿ, ಯಾಕೆಂದರೆ ಇದ್ದಿಲಿನ ಕಾವು ಕಟ್ಟಿಗೆಯ ದುಪ್ಪಟ್ಟು. ನಮ್ಮ ಎತ್ತರದಲ್ಲಿ ನೀರು ಕುದಿಯುವುದು 98 ಡಿಗ್ರಿಗೆ. 25 ಡಿಗ್ರಿಯ ನೀರಾದರೆ 5 × 73, ಅಂದರೆ 365 ಕಿಲೋ ಕ್ಯಾಲೊರಿ ನೀರಿಗೆ ಸೇರಿತು. ಕಟ್ಟಿಗೆ ಕಿಲೋಗೆ 3,600 ಕೊಡುತ್ತದೆ ಎಂಬ ಲೆಕ್ಕದಲ್ಲಿ, 600 ಗ್ರಾಂ ಖರ್ಚಾಗಿದ್ದರೆ ದಕ್ಷತೆ ನೂರಕ್ಕೆ 17, 350 ಗ್ರಾಂ ಆದರೆ 29. ಎರಡೂ ಒಲೆಯಲ್ಲಿ ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಂದೇ ಸಲದ ಲೆಕ್ಕ ಗಾಳಿಯ ಮೇಲೆ ಹೋಗುತ್ತದೆ.

ಪ್ರ: ಅತ್ತೆಯವರು ಹೊಸ ರಾಕೆಟ್ ಒಲೆ ಒಪ್ಪುತ್ತಿಲ್ಲ. ಮುದ್ದೆ ತಿರುವಲು ಆಗಲ್ಲ, ರೊಟ್ಟಿ ನಡುವೆ ಸೀಯುತ್ತೆ ಅಂತಾರೆ. (ಚನ್ನಗಿರಿ)

ಉ: ಅತ್ತೆಯವರು ಹೇಳುವುದು ಸರಿ. ಮುದ್ದೆ ತಿರುವುವಾಗ ಬಲ ಬೀಳುವುದು ಪಕ್ಕಕ್ಕೆ. ಮೂರು ತುಂಡಿನ ಮೇಲೆ ಸುಮ್ಮನೆ ಕೂತ ಪಾತ್ರೆ ಜಾರುತ್ತದೆ. ಆಸರೆಯ ತುಂಡುಗಳನ್ನು 2 ಇಂಚು ಮೇಲಕ್ಕೆ ಚಾಚಿ ಪಾತ್ರೆಯ ಮೈಗೆ ಒತ್ತುವಂತೆ ಬಗ್ಗಿಸಿ, ಒಲೆಯನ್ನು ನೆಲದಲ್ಲಿ ನಾಲ್ಕು ಇಂಚು ಹೂತುಬಿಡಿ. ಬಾಯಿಯ ಮುಂದೆ ಮಾತ್ರ ಒಂದಡಿ ಇಳಿಜಾರು ತೋಡಿಡಿ, ಇಲ್ಲವಾದರೆ ಹಲಗೆಯ ಕೆಳಗಿನ ಗಾಳಿ ನಿಲ್ಲುತ್ತದೆ. ರೊಟ್ಟಿಗೆ, ತೂತಿನ ಮೇಲೆ 4 ಇಂಚು ಅಗಲದ ದಪ್ಪ ಕಬ್ಬಿಣದ ಬಿಲ್ಲೆಯನ್ನು ಹಂಚಿನ ಕೆಳಗೆ ಒಂದು ಇಂಚು ಬಿಟ್ಟು ಇಡಿ, ಹಂಚಿನ ಎತ್ತರವನ್ನೂ ಒಂದಿಂಚು ಏರಿಸಿ. ಜ್ವಾಲೆ ಸುತ್ತ ಹರಡುತ್ತದೆ, ನಡುವೆ ಸೀಯುವುದಿಲ್ಲ. ಬಾಯಿಗೆ ಒರಗಿಸಿ ಕೆಂಡದ ಕಾವಿಗೆ ಉಬ್ಬಿಸುವ ರೊಟ್ಟಿ ಮಾತ್ರ 4½ ಇಂಚಿನ ಬಾಯಿಯಲ್ಲಿ ಆಗದ ಮಾತು. ಅದಕ್ಕೆ ಹಳೆಯ ಒಲೆ ಅಂಗಳದಲ್ಲಿ ಇರಲಿ ಬಿಡಿ.